ನಾನು ಯಾರು ಅನ್ನೋದಕ್ಕೆ ಆರು ಸೆಮಿಸ್ಟರ್

ಡಿಗ್ರಿ ಪ್ರವೇಶಕ್ಕೆಂದು ಯುಯುಸಿಎಂಎಸ್ ಪೋರ್ಟಲ್ ತೆರೆದು ಕೂತ ಹುಡುಗಿಗೆ ಮೊದಲ ಅರ್ಧ ಗಂಟೆ ಹೋಗುವುದು ತಾನು ಯಾರು ಎಂದು ತುಂಬುವುದರಲ್ಲೇ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇದ್ದಂತೆಯೇ ಹೆಸರು, ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್, ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕೊಡುವ 371(ಜೆ) ಪ್ರಮಾಣಪತ್ರ, ಓದಿದ ಮಾಧ್ಯಮ. ಸೈಬರ್ ಸೆಂಟರಿನವನು "ಮುಂದಿಂದು ಹೇಳವ್ವಾ" ಎನ್ನುತ್ತಾ ಒತ್ತುತ್ತಾ ಹೋಗುತ್ತಾನೆ. ಎಲ್ಲ ಕಾಲಮ್ಮಿಗೂ ಉತ್ತರ ಮೊದಲೇ ಸಿದ್ಧವಿದೆ, ಶಾಲೆ, ಕಚೇರಿಗಳ ಕಾಗದದಿಂದ ಬಂದದ್ದು. ಅವಳು ಯೋಚಿಸಿ ಹೇಳಬೇಕಾದದ್ದು ಕಾಂಬಿನೇಷನ್ ಯಾವುದು ಎಂಬುದೊಂದನ್ನೇ. ಅದನ್ನೂ ಬಹಳ ಸಲ ಪಕ್ಕದಲ್ಲಿ ನಿಂತ ಅಣ್ಣನೇ ಹೇಳಿಬಿಡುತ್ತಾನೆ.

ಇದು ಕಾಗದದ ಗುರುತು. ಮನಶ್ಶಾಸ್ತ್ರದವರು ಅಸ್ಮಿತೆ ಎನ್ನುವುದು ಇದರ ಪಕ್ಕದ ಸಂಗತಿ. ಅದರಲ್ಲಿ ಮೂರು ಎಳೆಗಳಿವೆ. ಹೋದ ವರ್ಷದ ನಾನು, ಈಗಿನ ನಾನು, ಇನ್ನೈದು ವರ್ಷಕ್ಕೆ ಆಗಬಹುದಾದ ನಾನು ಒಬ್ಬನೇ ಮನುಷ್ಯ ಎಂಬ ಭರವಸೆ ಮೊದಲನೆಯದು. ಮನೆಯಲ್ಲಿ, ಕ್ಲಾಸಿನಲ್ಲಿ, ಗೆಳೆಯರ ನಡುವೆ ಬೇರೆ ಬೇರೆ ಥರ ನಡೆದುಕೊಂಡರೂ ಒಳಗಿರುವವನು ಒಬ್ಬನೇ ಎಂಬ ಅನಿಸಿಕೆ ಎರಡನೆಯದು. ಸುತ್ತಲಿನವರೂ ತನ್ನನ್ನು ಹಾಗೆಯೇ ಒಪ್ಪಿದ್ದಾರೆ ಎಂಬ ಅರಿವು ಮೂರನೆಯದು. ಮೂರನೆಯದನ್ನು ಬಹಳ ಜನ ಲೆಕ್ಕಕ್ಕೆ ಹಿಡಿಯುವುದಿಲ್ಲ. ಬಳ್ಳಾರಿಯ ಇಂಗ್ಲಿಷ್ ಕಾಗುಣಿತ 2014ರ ನವೆಂಬರ್ 1ರಂದು ಬದಲಾಯಿತು. ಹಳೆಯ ದಾಖಲೆಯಲ್ಲಿ ಬೆಲ್ಲಾರಿ, ಹೊಸದರಲ್ಲಿ ಬಳ್ಳಾರಿ. ಊರು ಅದೇ, ಗಡಿಗಿ ಚೆನ್ನಪ್ಪ ವೃತ್ತವೂ ಅದೇ. ಆದರೂ ಕೌಂಟರಿನಲ್ಲಿ ಕೂತವರು ಎರಡೂ ಒಂದೇ ಊರು ಎಂದು ಒಪ್ಪಿದರಷ್ಟೇ ಕೆಲಸ ಮುಂದೆ ಸಾಗುತ್ತದೆ. ಮನುಷ್ಯರ ವಿಷಯದಲ್ಲೂ ಹೀಗೇ: ತಾನು ಬದಲಾದೆ ಎಂದು ಹುಡುಗನಿಗೆ ಅನಿಸಿದರೆ ಸಾಲದು, ಊರಿನವರು ಆ ಹೊಸಬನನ್ನು ಗುರುತು ಹಿಡಿಯಬೇಕು.

ಇದನ್ನೆಲ್ಲ ಮೊದಲು ಕ್ರಮವಾಗಿ ಹೇಳಿದವನು ಮನೋವಿಶ್ಲೇಷಕ ಎರಿಕ್ ಎರಿಕ್ಸನ್. 1902ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ಬಳಿ ಹುಟ್ಟಿದ. ತಾಯಿ ಡೆನ್ಮಾರ್ಕಿನ ಯಹೂದಿ. ಹೆತ್ತ ತಂದೆ ಯಾರೆಂದು ಅವನಿಗೆ ಕೊನೆಯವರೆಗೂ ತಿಳಿಯಲಿಲ್ಲ. ಎತ್ತರದ ನಿಲುವು, ಹೊಂಬಣ್ಣದ ಕೂದಲು. ಯಹೂದಿ ಹುಡುಗರು ಇವನು ನಮ್ಮವನಲ್ಲ ಎಂದು ಛೇಡಿಸಿದರು, ಶಾಲೆಯ ಹುಡುಗರು ಯಹೂದಿ ಎಂದು ಛೇಡಿಸಿದರು. ಮಲತಂದೆಯ ಅಡ್ಡಹೆಸರು ಹೊತ್ತು ಬೆಳೆದವನು 1939ರಲ್ಲಿ ಅಮೆರಿಕದ ಪೌರನಾಗುವಾಗ ಎರಿಕ್ಸನ್ ಎಂಬ ಅಡ್ಡಹೆಸರನ್ನು ತಾನೇ ಇಟ್ಟುಕೊಂಡ. ಹುಟ್ಟಿನಿಂದ ಸಾವಿನವರೆಗಿನ ಬದುಕನ್ನು ಅವನು ಎಂಟು ಹಂತವಾಗಿ ವಿಂಗಡಿಸಿದ. ಐದನೆಯದು ಹರೆಯದ ಹಂತ. ಅಸ್ಮಿತೆ ಕಟ್ಟಿಕೊಳ್ಳುವುದು ಅಥವಾ ಪಾತ್ರಗಳ ಗೊಂದಲದಲ್ಲಿ ಸಿಕ್ಕಿಕೊಳ್ಳುವುದು ಆ ಹಂತದ ಜಗ್ಗಾಟ.

ಬ್ಯಾಂಕಿನಲ್ಲಿ ಕೇಳಿದ ಎರಡು ಪದ

ಎರಿಕ್ಸನ್ ಹೇಳಿದ್ದನ್ನು ಅಳೆಯುವುದು ಹೇಗೆ ಎಂದು ತೋರಿಸಿದವನು ಜೇಮ್ಸ್ ಮಾರ್ಸಿಯಾ, 1966ರಲ್ಲಿ. ಅವನು ಎರಡೇ ಪ್ರಶ್ನೆ ಇಟ್ಟುಕೊಂಡ. ಈ ಹುಡುಗ ಬೇರೆ ಬೇರೆ ದಾರಿಗಳನ್ನು ನಿಜವಾಗಿ ನೋಡಿ ಬಂದಿದ್ದಾನೆಯೇ? ಒಂದನ್ನು ಹಿಡಿದು ನಿಂತಿದ್ದಾನೆಯೇ? ಮೊದಲನೆಯದು ಹುಡುಕಾಟ, ಎರಡನೆಯದು ಬದ್ಧತೆ. ಎರಡಕ್ಕೂ ಹೌದು, ಇಲ್ಲ ಎಂದು ಉತ್ತರ ಹಾಕಿದರೆ ನಾಲ್ಕು ಸ್ಥಿತಿಗಳು ಸಿಗುತ್ತವೆ.

ಹುಡುಕಲೂ ಇಲ್ಲ, ಹಿಡಿಯಲೂ ಇಲ್ಲ ಎಂದರೆ ಅದು ಚೆದುರಿದ ಸ್ಥಿತಿ. "ನೋಡೋಣ್ರೀ, ಏನರ ಆಕ್ಕೈತಿ" ಎನ್ನುವವರು ಇವರು. ಹುಡುಕಿ ಹಿಡಿದಿದ್ದರೆ ನೆಲೆಗೊಂಡ ಸ್ಥಿತಿ. ಉಳಿದ ಎರಡರ ಹೆಸರು ನಮ್ಮ ಜನಕ್ಕೆ ಸೊಸೈಟಿ, ಬ್ಯಾಂಕುಗಳಿಂದ ಗೊತ್ತಿರುವಂಥವೇ. ಹುಡುಕಾಟವೇ ಇಲ್ಲದೆ ಬದ್ಧನಾಗಿದ್ದರೆ ಫೋರ್‌ಕ್ಲೋಷರ್. ಟ್ರ್ಯಾಕ್ಟರ್ ಸಾಲವನ್ನು ಅವಧಿಗೆ ಮುಂಚೆ ಮುಚ್ಚಿದಂತೆ, ಪ್ರಶ್ನೆಯನ್ನು ಕೇಳುವ ಮೊದಲೇ ಮುಚ್ಚಿಬಿಟ್ಟವರು. ಹುಡುಕಾಟ ನಡೆದಿದೆ, ಹಿಡಿತ ಇನ್ನೂ ಸಿಕ್ಕಿಲ್ಲ ಎಂದರೆ ಮೊರಟೋರಿಯಂ. ಕೊರೋನಾ ಬಂದ 2020ರಲ್ಲಿ ಸಾಲದ ಕಂತಿಗೆ ಆರು ತಿಂಗಳು ಕೊಟ್ಟರಲ್ಲ, ಅದೇ ಪದ. ಕಂತು ಕಟ್ಟದಿದ್ದರೂ ಆಗ ಯಾರೂ ಬಾಗಿಲಿಗೆ ಬರಲಿಲ್ಲ, ಆದರೆ ಬಡ್ಡಿ ನಿಲ್ಲಲಿಲ್ಲ. ಎರಿಕ್ಸನ್ ಹರೆಯದ ವರ್ಷಗಳನ್ನು ಇದೇ ಪದದಿಂದ ಕರೆದ: ದೊಡ್ಡವರ ಜವಾಬ್ದಾರಿಯನ್ನು ಸ್ವಲ್ಪ ಮುಂದೂಡಲು ಸಮಾಜ ಕೊಡುವ ಒಪ್ಪಿಗೆ. ಬಡ್ಡಿಯ ಮಾತು ಅವನದಲ್ಲ, ಆದರೆ ಸಿಂಧನೂರು ಕಡೆ ಎರಡೆಕರೆಯ ಮನೆಯಿಂದ ಬಂದ ಹುಡುಗನಿಗೆ ಆ ಲೆಕ್ಕ ಯಾರೂ ಬಿಡಿಸಿ ಹೇಳಬೇಕಿಲ್ಲ. ಅವನು ಓದುವ ಒಂದೊಂದು ವರ್ಷಕ್ಕೂ ಮನೆಯಲ್ಲಿ ಯಾರೋ ದುಡಿಯುತ್ತಿರುತ್ತಾರೆ.

ಫೋರ್‌ಕ್ಲೋಷರಿಗೂ ನೆಲೆಗೊಂಡ ಸ್ಥಿತಿಗೂ ಹೊರಗಿನಿಂದ ವ್ಯತ್ಯಾಸ ಕಾಣುವುದಿಲ್ಲ. ಇಬ್ಬರೂ ಗಟ್ಟಿಯಾಗಿಯೇ ಮಾತಾಡುತ್ತಾರೆ. ಮಾರ್ಸಿಯಾ ತನ್ನ ಸಂದರ್ಶನದಲ್ಲಿ ಇದನ್ನು ಬೇರ್ಪಡಿಸಲು ಒಂದು ಪ್ರಶ್ನೆ ಇಟ್ಟಿದ್ದ: ಇದಕ್ಕಿಂತ ಒಳ್ಳೆಯದು ಸಿಕ್ಕರೆ ಇದನ್ನು ಬಿಡಲು ಎಷ್ಟರಮಟ್ಟಿಗೆ ತಯಾರಿದ್ದೀ? ಲಿಂಗಸುಗೂರಿನ ಕಾಲೇಜಿನಲ್ಲಿ ಈ ಮಾತು ಹೆಚ್ಚುಕಡಿಮೆ ಹೀಗೆ ನಡೆದೀತು.

"ಮುಂದ ಏನು ಮಾಡಬೇಕಂತಿ?"

"ಬಿ.ಎಡ್. ಮಾಡ್ತೀನ್ರೀ ಸರ್."

"ಬ್ಯಾರೆ ಏನರ ನೋಡಿದ್ದೇನು?"

"ಇಲ್ರೀ. ನಮ್ಮ ದೊಡ್ಡಪ್ಪ ಮಾಸ್ತರ್ ಅದಾರ್ರೀ, ಅವರು ಮೊದ್ಲಿಂದ ಅದಾ ಹೇಳ್ಯಾರ್ರೀ."

"ಇದಕ್ಕಿಂತ ಚಲೋದು ಸಿಕ್ಕರ ಬಿಡ್ತೀಯಾ?"

"ಇದಾ ಮಾಡೋದ್ರೀ ಸರ್."

ನೆಲೆಗೊಂಡವನ ಉತ್ತರ ಇಷ್ಟು ಬೇಗ ಬರುವುದಿಲ್ಲ. "ಬಿಡೋದು ಕಷ್ಟ್ರೀ, ಆದ್ರ ಯಾಕ ಚಲೋ ಅಂತ ಮೊದ್ಲು ಕೇಳ್ತೀನಿ" ಎಂದಾನು. ನೋಡಿ ಬಿಟ್ಟ ಒಂದೆರಡು ದಾರಿಗಳ ಹೆಸರು ಹೇಳಿ, ಯಾಕೆ ಬಿಟ್ಟೆ ಎಂದೂ ಹೇಳಿಯಾನು. ಗುರುತು ಹಿಡಿಯಬೇಕಾದದ್ದು ಆ ಬಿಟ್ಟ ದಾರಿಗಳನ್ನು.

ದೊಡ್ಡಪ್ಪನ ಮಾತು ಕೇಳುವುದು ತಪ್ಪು ಎಂದು ಇದರ ಅರ್ಥವಲ್ಲ. ಫೋರ್‌ಕ್ಲೋಷರಿನಲ್ಲಿ ಇರುವವರಿಗೆ ಸಾಮಾನ್ಯವಾಗಿ ಆತಂಕ ಕಡಿಮೆ, ಮನೆಯವರೊಂದಿಗೆ ಸಂಬಂಧ ಗಟ್ಟಿ. ಅತಿ ಹೆಚ್ಚು ಆತಂಕ ಕಾಣುವುದು ಮೊರಟೋರಿಯಮ್ಮಿನಲ್ಲಿ ಇರುವವರಲ್ಲಿ. ತೊಂದರೆ ಬರುವುದು ದಾರಿ ಮುಚ್ಚಿದಾಗ. 2021ರ ಪಿಎಸ್‌ಐ ಪರೀಕ್ಷೆ ನೆನಪಿಸಿಕೊಳ್ಳಿ. 545 ಹುದ್ದೆ, ಅಕ್ರಮ ಹೊರಬಿದ್ದು 2022ರಲ್ಲಿ ರದ್ದು, ಮರುಪರೀಕ್ಷೆ ಆದದ್ದು 2024ರ ಜನವರಿಯಲ್ಲಿ. ಆ ನಡುವಿನ ಕಾಲದಲ್ಲಿ ಪಿಎಸ್‌ಐ ಒಂದು ನೌಕರಿ ಎಂದುಕೊಂಡಿದ್ದವನು ಬೇರೆ ಅರ್ಜಿ ಹಾಕಿದ. ಪಿಎಸ್‌ಐ ಎಂದರೆ ತಾನೇ ಎಂದುಕೊಂಡಿದ್ದವನಿಗೆ ಹಾಕಲು ಬೇರೆ ಅರ್ಜಿಯೇ ಇರಲಿಲ್ಲ.

ಇನ್ನೆರಡು ಮಾತು ಇಲ್ಲೇ ಹೇಳಿಬಿಡಬೇಕು. ಒಬ್ಬ ಮನುಷ್ಯ ಇಡಿಯಾಗಿ ಒಂದೇ ಸ್ಥಿತಿಯಲ್ಲಿ ಇರುವುದಿಲ್ಲ. ಉದ್ಯೋಗದಲ್ಲಿ ನೆಲೆ ಕಂಡವಳು ಧರ್ಮದ ವಿಷಯದಲ್ಲಿ ಹುಡುಕುತ್ತಿರಬಹುದು, ರಾಜಕೀಯದಲ್ಲಿ ಚೆದುರಿರಬಹುದು, ಮದುವೆಯ ಪ್ರಶ್ನೆಯನ್ನು ಮನೆಯವರಿಗೆ ಬಿಟ್ಟು ಮುಚ್ಚಿರಬಹುದು. ಮಾರ್ಸಿಯಾ ಮೊದಲು ಕೇಳಿದ್ದು ಉದ್ಯೋಗ, ಧರ್ಮ, ರಾಜಕೀಯ ಈ ಮೂರನ್ನು; ಕೇಳಿದ್ದು 86 ವಿದ್ಯಾರ್ಥಿಗಳನ್ನು, ಎಲ್ಲರೂ ಗಂಡುಮಕ್ಕಳು. ಮದುವೆ, ಮನೆ, ನೌಕರಿ ಇವುಗಳ ಹೊಂದಾಣಿಕೆಯ ಪ್ರಶ್ನೆ ಪಟ್ಟಿಗೆ ಸೇರಿದ್ದು ಹೆಣ್ಣುಮಕ್ಕಳನ್ನು ಕೇಳಲು ಶುರು ಮಾಡಿದ ಮೇಲೆ. ಗಂಡುಮಕ್ಕಳಿಗೆ ಆ ಪ್ರಶ್ನೆ ಇಲ್ಲವೆಂದಲ್ಲ, ಯಾರೂ ಕೇಳಿರಲಿಲ್ಲ ಅಷ್ಟೇ.

ಹುಡುಕುವುದು ಬೇರೆ, ಅರೆಯುವುದು ಬೇರೆ

ನಾಲ್ಕು ಸ್ಥಿತಿಗಳ ಚಿತ್ರ ಒಂದು ಫೋಟೋ ಇದ್ದಂತೆ. ನಡೆ ಅದರಲ್ಲಿ ಕಾಣುವುದಿಲ್ಲ. ಆ ನಡೆಯನ್ನು ಬಿಡಿಸಿದವರು ಬೆಲ್ಜಿಯಂನ ಕೂನ್ ಲೈಕ್ಸ್ ಮತ್ತು ಸಂಗಡಿಗರು, 2006ರಿಂದ 2008ರ ನಡುವೆ. ಅವರ ಲೆಕ್ಕದಲ್ಲಿ ಎರಡು ಸುತ್ತುಗಳಿವೆ. ಮೊದಲ ಸುತ್ತಿನಲ್ಲಿ ನಾಲ್ಕಾರು ದಾರಿ ನೋಡಿ ಒಂದನ್ನು ಹಿಡಿಯುವುದು. ಎರಡನೆಯ ಸುತ್ತಿನಲ್ಲಿ ಹಿಡಿದದ್ದನ್ನು ಆಳಕ್ಕಿಳಿದು ನೋಡುವುದು, ಅದು ತನ್ನದು ಅನಿಸುತ್ತದೆಯೇ ಎಂದು ಒರೆಗೆ ಹಚ್ಚುವುದು. ಅನಿಸದಿದ್ದರೆ ಮತ್ತೆ ಮೊದಲ ಸುತ್ತು. ಬಿ.ಎಸ್ಸಿ. ಹಿಡಿದವಳು ಮೂರನೇ ಸೆಮಿಸ್ಟರಿನಲ್ಲಿ ಲ್ಯಾಬಿನ ಕೆಲಸ ತನಗೆ ಹೊಂದುತ್ತದೆಯೇ ಎಂದು ಯೋಚಿಸುತ್ತಿದ್ದರೆ ಅವಳು ಹಿಂದೆ ಬಿದ್ದಿಲ್ಲ, ಎರಡನೆಯ ಸುತ್ತಿನಲ್ಲಿದ್ದಾಳೆ.

ಅವರು ಕಂಡುಕೊಂಡ ಇನ್ನೊಂದು ಅಂಶವೇ ಈ ಇಡೀ ವಿಷಯದಲ್ಲಿ ಹೆಚ್ಚು ಉಪಯೋಗಕ್ಕೆ ಬರುವಂಥದ್ದು. ಹುಡುಕಾಟದ ಹಾಗೆಯೇ ಕಾಣುವ, ಆದರೆ ಹುಡುಕಾಟವಲ್ಲದ ಒಂದು ಕ್ರಿಯೆ ಇದೆ: ಇದ್ದದ್ದನ್ನೇ ತಲೆಯೊಳಗೆ ಅರೆಯುವುದು. ಅದನ್ನು ಬೇರೆಯಾಗಿ ಅಳೆದಾಗ ಖಿನ್ನತೆ, ಆತಂಕಗಳ ನಂಟು ಹೆಚ್ಚಾಗಿ ಕಂಡದ್ದು ಈ ಅರೆತಕ್ಕೆ.

ಹಾಸ್ಟೆಲಿನ ರಾತ್ರಿ ಒಂದು ಗಂಟೆಯ ಮಾತು ಹೀಗಿರುತ್ತದೆ. ಎಫ್‌ಡಿಎ ಓದಬೇಕು. ಆದರೆ ನೋಟಿಫಿಕೇಶನ್ ಯಾವಾಗ ಆಗುತ್ತದೋ. ಅಷ್ಟರಲ್ಲಿ ಎಂ.ಎ. ಮಾಡಬಹುದು. ಎಂ.ಎ. ಮಾಡಿದರೆ ಮೇಷ್ಟ್ರಾಗಲು ಕೆಸೆಟ್ ಅರ್ಹತಾ ಪರೀಕ್ಷೆ ಬೇಕು. ಕೋಚಿಂಗಿಗೆ ಧಾರವಾಡಕ್ಕೆ ಹೋಗಬೇಕು. ದುಡ್ಡು? ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸವಾದರೂ ಸಿಗುತ್ತದೆ. ಆದರೆ ಅದಕ್ಕೆ ಡಿಗ್ರಿ ಯಾಕೆ ಬೇಕಿತ್ತು? ಎಫ್‌ಡಿಎ ಓದಬೇಕು. ಇಷ್ಟರಲ್ಲಿ ಎರಡು ಗಂಟೆ. ನಾಲ್ಕಾರು ದಾರಿ ನೋಡಿದಂತೆ ಆಯಿತು, ಒಂದರ ಬಗ್ಗೆಯೂ ನಿನ್ನೆ ಗೊತ್ತಿರದ ಒಂದು ಸಂಗತಿ ಇವತ್ತು ಗೊತ್ತಾಗಲಿಲ್ಲ.

ಪರೀಕ್ಷಿಸಿಕೊಳ್ಳುವುದು ಸುಲಭ. ಕಳೆದ ಹದಿನೈದು ದಿನಗಳಲ್ಲಿ ಈ ವಿಷಯದ ಬಗ್ಗೆ ಹೊರಗಿನಿಂದ ಹೊಸದಾಗಿ ಏನು ತಿಳಿಯಿತು? ಒಂದು ಸಿಲೆಬಸ್, ಒಬ್ಬರ ಮಾತು, ಬರೆದ ಒಂದು ಹಳೆಯ ಪ್ರಶ್ನೆಪತ್ರಿಕೆ, ನೋಡಿ ಬಂದ ಒಂದು ಜಾಗ, ಏನಾದರೂ ಒಂದು. ಉತ್ತರ ಸೊನ್ನೆಯಾದರೆ ನಡೆದಿರುವುದು ಅರೆತ. ಯೂಟ್ಯೂಬಿನಲ್ಲಿ ಟಾಪರ್‌ಗಳ ಸಂದರ್ಶನ ನೋಡುವುದು ಈ ಲೆಕ್ಕಕ್ಕೆ ಬರುವುದಿಲ್ಲ. ಅಲ್ಲಿ ಗೆದ್ದವರಷ್ಟೇ ಮಾತಾಡುತ್ತಾರೆ. ಮೂರು ಸಲ ಬರೆದು ಬಿಟ್ಟವರನ್ನು ಯಾರೂ ಕೂರಿಸಿ ಕೇಳುವುದಿಲ್ಲ.

ಮೊದಲ ಸೆಮಿಸ್ಟರಿನ ಏಟು

ಊರ ಹೈಸ್ಕೂಲಿನಲ್ಲಿ ಮೊದಲ ಸ್ಥಾನ, ಪಂಚಾಯ್ತಿ ಕಟ್ಟೆಯ ಬ್ಯಾನರಿನಲ್ಲಿ ಫೋಟೋ. ಅದೇ ಹುಡುಗ ಕನ್ನಡ ಮಾಧ್ಯಮದಿಂದ ಬಂದು ಬಳ್ಳಾರಿಯಲ್ಲಿ ಇಂಗ್ಲಿಷಿನಲ್ಲಿ ಕೆಮಿಸ್ಟ್ರಿ ಬರೆದು ಮೊದಲ ಸೆಮಿಸ್ಟರಿನಲ್ಲಿ ಕಷ್ಟಪಟ್ಟು ಪಾಸಾಗುತ್ತಾನೆ. ನಾನು ದಡ್ಡ ಎಂದು ತೀರ್ಮಾನಿಸುತ್ತಾನೆ. ಇಲ್ಲಿ ಎರಡು ಬೇರೆ ಸಂಗತಿಗಳು ಒಂದಾಗಿ ಕಾಣುತ್ತಿವೆ. ಒಂದು ಭಾಷೆಯ ತೊಡಕು; ಅವನಿಗೆ ಪಾಠ ಗೊತ್ತು, ವಾಕ್ಯ ಬಾರದು. ಇನ್ನೊಂದನ್ನು ಹರ್ಬರ್ಟ್ ಮಾರ್ಷ್ ಮತ್ತು ಸಂಗಡಿಗರು 1980ರ ದಶಕದಿಂದ ವಿವರಿಸುತ್ತಾ ಬಂದರು: ಒಂದೇ ಸಾಮರ್ಥ್ಯದ ಇಬ್ಬರಲ್ಲಿ, ಬುದ್ಧಿವಂತರೇ ತುಂಬಿದ ಕ್ಲಾಸಿಗೆ ಹೋದವನು ತನ್ನ ಬಗ್ಗೆ ಕಡಿಮೆ ಅಂದಾಜು ಇಟ್ಟುಕೊಳ್ಳುತ್ತಾನೆ. ಕೆರೆಯ ದೊಡ್ಡ ಮೀನು ತುಂಗಭದ್ರಾ ಡ್ಯಾಮಿಗೆ ಬಿದ್ದರೆ ಅದರ ತೂಕ ಇಳಿಯುವುದಿಲ್ಲ, ಪಕ್ಕದಲ್ಲಿ ಈಜುವವು ದೊಡ್ಡವಾಗುತ್ತವೆ. ಈ ಏಟಿನಲ್ಲಿ ವಿಷಯವನ್ನೇ ಬಿಡಲು ಹೊರಟವರಿಗೆ ಕೊಡಬೇಕಾದ ಸಲಹೆ ಒಂದೇ: ಮೊದಲ ಎರಡು ಸೆಮಿಸ್ಟರಿನ ಅಂಕ ನೋಡಿ ನನ್ನ ಯೋಗ್ಯತೆ ಇಷ್ಟು ಎಂದು ಬರೆದುಕೊಳ್ಳಬೇಡಿ. ಮೂರನೆಯದರ ಅಂಕವನ್ನು ಮೊದಲನೆಯದರ ಜೊತೆ ಹೋಲಿಸಿ. ಪಕ್ಕದವನ ಅಂಕಪಟ್ಟಿ ಬೇಡ.

ಮಾತಿನ ಏಟು ಇನ್ನೊಂದು. ರಾಯಚೂರಿನ ಹುಡುಗಿ "ಬರ್ಲಿಕತ್ತೀನ್ರೀ" ಎಂದರೆ ಬೆಂಗಳೂರಿನಲ್ಲಿ ನಗುತ್ತಾರೆ. ಅವಳು ಆರು ತಿಂಗಳಲ್ಲಿ "ಬರ್ತಾ ಇದೀನಿ" ಕಲಿಯುತ್ತಾಳೆ. ಊರಿಗೆ ಬಂದು ಬಾಯಿತಪ್ಪಿ ಅದನ್ನೇ ಆಡಿದರೆ "ಏನವ್ವಾ, ಬೆಂಗಳೂರಾಕಿ ಆದಿ" ಎಂದು ಅಲ್ಲಿಯೂ ನಗು. ಎರಡು ಭಾಷೆ, ಎರಡು ವೇಷ ಇಟ್ಟುಕೊಳ್ಳುವುದು ಕಪಟವಲ್ಲ. ಬಳ್ಳಾರಿಯ ಮಾರ್ಕೆಟ್ಟಿನಲ್ಲಿ ಕನ್ನಡ, ತೆಲುಗು, ಉರ್ದು ಮೂರನ್ನೂ ಒಂದೇ ವ್ಯಾಪಾರದಲ್ಲಿ ಆಡುವ ಜನ ನಾವು. ತಾಂಡಾದಿಂದ ಬಂದ ಹುಡುಗನಿಗೆ ಲಂಬಾಣಿ ನಾಲ್ಕನೆಯದು. ಬದಲಾಯಿಸುವುದು ತೊಂದರೆಯಲ್ಲ, ಯಾವುದೋ ಒಂದನ್ನು ಅವಮಾನ ಎಂದು ಮುಚ್ಚಿಡಲು ಶುರುವಾದಾಗ, ಒಳಗಿರುವವನು ಒಬ್ಬನೇ ಎಂಬ ಆ ಎರಡನೆಯ ಎಳೆ ಹರಿಯುತ್ತದೆ.

ಬಸ್ಸಿನವರು, ಹಾಸ್ಟೆಲಿನವರು

ಪಾಶ್ಚಾತ್ಯ ಪುಸ್ತಕಗಳು ವಿದ್ಯಾರ್ಥಿ ಎಂದಾಗ ಮನೆ ಬಿಟ್ಟು ಬಂದವನನ್ನು ಕಣ್ಣ ಮುಂದೆ ಇಟ್ಟುಕೊಂಡಿರುತ್ತವೆ. ಕೊಪ್ಪಳ, ಯಲಬುರ್ಗಾ, ಮಾನ್ವಿ, ಸಿರುಗುಪ್ಪಗಳಲ್ಲಿ ದಿನಾ ಬಸ್ಸಿಗೆ ಬಂದು ಹೋಗುವವರು ಬಹಳ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ಖರ್ಚು ಹೋಯಿತು, ವೇಳೆಯ ಖರ್ಚು ಹಾಗೇ ಉಳಿಯಿತು. ಊರಿಗೆ ಹೋಗುವ ಬಸ್ಸು ಐದಕ್ಕಿದ್ದರೆ ಅವಳ ಕಾಲೇಜು ನಾಲ್ಕೂವರೆಗೆ ಮುಗಿಯಿತು. ಎನ್ಎಸ್ಎಸ್, ನಾಟಕದ ತಾಲೀಮು, ಗ್ರಂಥಾಲಯ, ಕ್ಯಾಂಟೀನಿನ ವಾದ, ಅಂದರೆ ಹುಡುಕಾಟ ನಡೆಯುವ ಜಾಗಗಳೆಲ್ಲ ಬಾಗಿಲು ತೆರೆಯುವುದು ಅವಳು ಬಸ್ಸು ಹತ್ತಿದ ಮೇಲೆ. ಅವಳಿಗೆ ಆಸಕ್ತಿ ಇಲ್ಲ ಎಂದು ಬರೆಯುವ ಮೇಷ್ಟ್ರು ಬಸ್ಸಿನ ವೇಳಾಪಟ್ಟಿ ಒಮ್ಮೆ ನೋಡಬೇಕು. ಅದೇ ತಾಲೀಮನ್ನು ಮಧ್ಯಾಹ್ನ ಒಂದರಿಂದ ಎರಡಕ್ಕೆ ಇಟ್ಟರೆ ಅರ್ಧ ಕ್ಲಾಸು ಬರುತ್ತದೆ. ಇದಕ್ಕೆ ಅನುದಾನ ಬೇಕಿಲ್ಲ.

ಹಾಸ್ಟೆಲಿನವರದು ಬೇರೆ ಪಾಡು. ವೇಳೆ ಬೇಕಾದಷ್ಟು ಸಿಗುತ್ತದೆ, ಜೊತೆಗಾರರು ಹಗಲೂ ರಾತ್ರಿ ಸಿಗುತ್ತಾರೆ. ಮನೆಯ ಕಣ್ಣು ತಪ್ಪಿದ ಮೊದಲ ವರ್ಷ ಕೆಲವರು ಎರಿಕ್ಸನ್ ನಕಾರಾತ್ಮಕ ಅಸ್ಮಿತೆ ಎಂದ ಜಾಗಕ್ಕೆ ಹೋಗುತ್ತಾರೆ: ಮನೆಯವರು ಏನಾಗಬೇಡ ಎಂದರೋ ಅದನ್ನೇ ಆರಿಸಿ ಆಗುವುದು. ಇದು ದಾರಿ ತಪ್ಪಿದ್ದಕ್ಕಿಂತ ಹೆಚ್ಚಾಗಿ, ಏನೂ ಅಲ್ಲದಿರುವುದಕ್ಕಿಂತ ಕೆಟ್ಟವನಾಗಿಯಾದರೂ ಯಾರಾದರೂ ಆಗಿರೋಣ ಎಂಬ ಹಟ. ಬೈಯುವುದರಿಂದ ಆ ಹಟಕ್ಕೆ ಬಲ ಬರುತ್ತದೆ. ಅವನಿಗೆ ಒಂದು ಹೊಣೆ, ಮೆಸ್ ಕಮಿಟಿಯ ಲೆಕ್ಕವಾದರೂ ಸರಿ, ಕೊಟ್ಟರೆ ಬೇರೆ ಹೆಸರಿನಿಂದ ಗುರುತಿಸಿಕೊಳ್ಳಲು ದಾರಿಯಾಗುತ್ತದೆ.

ಆಯ್ಕೆ ಮಾಡದೆ ಬಂದ ಗುರುತು

ಮಾರ್ಸಿಯಾನ ಲೆಕ್ಕದಲ್ಲಿ ಒಂದು ಊನ ಇದೆ. ಅಸ್ಮಿತೆ ಆರಿಸಿಕೊಳ್ಳುವ ವಸ್ತು ಎಂದು ಅದು ಹಿಡಿಯುತ್ತದೆ. ಜಾತಿಯನ್ನು ಯಾರೂ ಆರಿಸಿಕೊಂಡಿಲ್ಲ. ಯಾವ ಇಲಾಖೆಯ ಹಾಸ್ಟೆಲ್ ಎಂದು ಹೇಳಿದ ಕೂಡಲೇ ಕೇಳಿದವನಿಗೆ ಅರ್ಧ ಜಾತಕ ಗೊತ್ತಾಗುತ್ತದೆ. ಇಂಥ ಹುಟ್ಟಿನ ಗುರುತನ್ನು ಕುರಿತು ಹೆಚ್ಚು ಹೊಂದುವ ಮಾತು ಜೀನ್ ಫಿನ್ನಿಯದು. ಅಮೆರಿಕದ ಅಲ್ಪಸಂಖ್ಯಾತ ಸಮುದಾಯಗಳ ಹರೆಯದವರನ್ನು ನೋಡಿ ಆಕೆ ಮೂರು ಹಂತ ಹೇಳಿದರು: ಆ ಬಗ್ಗೆ ಯೋಚಿಸಿಯೇ ಇಲ್ಲದಿರುವುದು, ಕೆದಕಿ ಹುಡುಕುವುದು, ಅರಿತು ಒಪ್ಪಿಕೊಳ್ಳುವುದು. ಇಲ್ಲಿ ಆಯ್ಕೆ ಇರುವುದು ಗುರುತಿನಲ್ಲಲ್ಲ, ಅದಕ್ಕೆ ಕೊಡುವ ಅರ್ಥದಲ್ಲಿ. ಅಂಬೇಡ್ಕರರನ್ನು ಮೊದಲ ಸಲ ಪೂರ್ತಿ ಓದಿದ ಹುಡುಗ ಎರಡು ಸೆಮಿಸ್ಟರ್ ಸಿಟ್ಟಿನಲ್ಲಿರುತ್ತಾನೆ, ಗೆಳೆಯರನ್ನು ಬದಲಿಸುತ್ತಾನೆ, ಮನೆಯ ಪೂಜೆಗೆ ಹೋಗುವುದಿಲ್ಲ. ಅದು ಎರಡನೆಯ ಹಂತ. ಮೇಲ್ಜಾತಿಯ ಹುಡುಗನಿಗೆ ಈ ಹಂತ ಬರದೆಯೇ ಡಿಗ್ರಿ ಮುಗಿದುಹೋಗಬಹುದು; ಅವನ ಗುರುತನ್ನು ಯಾರೂ ಅವನಿಗೆ ಎತ್ತಿ ಹೇಳಿರುವುದಿಲ್ಲ.

ಪ್ರದೇಶದ ಗುರುತಿನದು ಇನ್ನೊಂದು ತಮಾಷೆ. ರಾಯಚೂರು, ಕೊಪ್ಪಳದ ನೆಲ 1948ರ ತನಕ ನಿಜಾಮನದು, 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದ್ದು. ಕೊಪ್ಪಳ ಜಿಲ್ಲೆಯಾದದ್ದು 1997ರಲ್ಲಿ. ಬಳ್ಳಾರಿ ಆಗ ನಿಜಾಮನದಲ್ಲ, ಮದ್ರಾಸ್ ಪ್ರಾಂತ್ಯ. ಮೈಸೂರಿಗೆ ಬಂದದ್ದು 1953ರಲ್ಲಿ. ಆದರೆ ಸಂವಿಧಾನದ 371(ಜೆ) ವಿಧಿಯ ಸವಲತ್ತಿನಲ್ಲಿ ಬಳ್ಳಾರಿಯೂ ಸೇರಿದೆ, 2019ರಿಂದ ಕಲ್ಯಾಣ ಕರ್ನಾಟಕ ಎಂಬ ಹೆಸರಿನಡಿಯೂ ಇದೆ. ಬಳ್ಳಾರಿಯಲ್ಲಿ ಇರುವತನಕ ಹುಡುಗನಿಗೆ ಇದು ಒಂದು ಪ್ರಮಾಣಪತ್ರ ಅಷ್ಟೇ. ಬೆಂಗಳೂರಿನ ಪಿ.ಜಿ.ಯಲ್ಲಿ "ನೀವು ಉತ್ತರ ಕರ್ನಾಟಕದವ್ರಾ" ಎಂದು ಯಾರೋ ಕೇಳಿದ ದಿನ ಅದು ಅವನ ಗುರುತಾಗುತ್ತದೆ. ಗುಂಪಿನ ಗುರುತು ಮೈಮೇಲೆ ಬರುವುದು ಬೇರೆ ಗುಂಪು ಎದುರಿಗಿದ್ದಾಗ.

ಒಂದು ಹಾಳೆ, ಮೂರು ಪ್ರಯೋಗ

ಇನ್ನು ಮಾಡುವುದೇನು. ಎರಡು ಗಂಟೆ ಬಿಡುವು, ಒಂದು ಎ4 ಹಾಳೆ ಸಾಕು. ಎಡಬದಿಗೆ ಐದು ಸಾಲು: ಉದ್ಯೋಗ, ಮದುವೆ ಮತ್ತು ಮನೆ, ದೇವರು-ಧರ್ಮ, ರಾಜಕೀಯ, ಗೆಳೆತನ. ಪ್ರತಿ ಸಾಲಿಗೂ ಮೂರು ಕಾಲಂ: ಈಗಿನ ನನ್ನ ಉತ್ತರ, ಇದನ್ನು ಮೊದಲು ಹೇಳಿದವರು ಯಾರು, ಬೇರೆ ಯಾವುದನ್ನು ನೋಡಿ ಬಿಟ್ಟಿದ್ದೇನೆ. ಎರಡನೆಯ ಕಾಲಮ್ಮಿನಲ್ಲಿ ಅಪ್ಪ, ಅಣ್ಣ ಎಂದೇ ಬಂದು ಮೂರನೆಯದು ಖಾಲಿ ಇದ್ದರೆ ಅದು ಮುಚ್ಚಿದ ಖಾತೆ. ಮೊದಲನೆಯದೇ ಖಾಲಿ ಇದ್ದರೆ ಚೆದುರಿದ್ದು.

ಒಂದು ಸೆಮಿಸ್ಟರಿಗೆ ಒಂದೇ ಸಾಲನ್ನು ಎತ್ತಿಕೊಳ್ಳಿ. ಬಹಳ ಜನ ಎಡವುವುದು ಇಲ್ಲೇ. ಐದನ್ನೂ ಒಟ್ಟಿಗೆ ಬಿಚ್ಚಿ ಕೂತವನಿಗೆ ನಿಲ್ಲಲು ಜಾಗವೇ ಉಳಿಯುವುದಿಲ್ಲ. ಎತ್ತಿಕೊಂಡ ಸಾಲಿಗೆ ಮೂರು ಸಣ್ಣ ಪ್ರಯೋಗ, ಪ್ರತಿಯೊಂದೂ ಒಂದು ತಿಂಗಳೊಳಗೆ ಮುಗಿಯಬೇಕು, ಇನ್ನೂರು ರೂಪಾಯಿ ದಾಟಬಾರದು. ಮಾಸ್ತರಿಕೆ ಯೋಚನೆ ಇದ್ದರೆ ಓಣಿಯ ಏಳನೇ ಕ್ಲಾಸಿನ ನಾಲ್ಕು ಹುಡುಗರಿಗೆ ನಾಲ್ಕು ಭಾನುವಾರ ಭಿನ್ನರಾಶಿ ಹೇಳಿಕೊಡಿ. ಮೂರನೆಯ ವಾರ ಅದೇ ಹುಡುಗ ಅದೇ ತಪ್ಪು ಮಾಡಿದಾಗ ನಿಮಗೆ ಬೇಸರ ಬಂತೋ, ಬೇರೆ ಥರ ಹೇಳುವ ಹುಕಿ ಬಂತೋ ನೋಡಿಕೊಳ್ಳಿ. ಸ್ಪರ್ಧಾತ್ಮಕ ಪರೀಕ್ಷೆಯಾದರೆ ಹಿಂದಿನ ವರ್ಷದ ಒಂದು ಪತ್ರಿಕೆಯನ್ನು ಗಡಿಯಾರ ಇಟ್ಟು, ಮೊಬೈಲ್ ಹೊರಗಿಟ್ಟು ಪೂರ್ತಿ ಬರೆಯಿರಿ, ನೆಗೆಟಿವ್ ಅಂಕ ಕಳೆದು ಲೆಕ್ಕ ಹಾಕಿ. ಕಾರ್ಖಾನೆ, ರೈಸ್‌ಮಿಲ್, ಬ್ಯಾಂಕು ಯಾವುದೇ ಇರಲಿ, ಮೂರು ಜನರನ್ನು ಕೇಳಿ: ಈಗ ಆ ಕೆಲಸದಲ್ಲಿ ಇರುವವರು ಒಬ್ಬರು, ಸೇರಿ ಎರಡು ವರ್ಷ ಆಗದವರು ಒಬ್ಬರು, ಬಿಟ್ಟು ಬಂದವರು ಒಬ್ಬರು. ಹೆಚ್ಚು ಕಲಿಸುವವರು ಮೂರನೆಯವರು.

ಪ್ರಯೋಗ ಮುಗಿದ ಮೇಲೆ ನಾಲ್ಕು ಸಾಲು ಬರೆದು ತಾರೀಖು ಹಾಕಿ: ಏನು ನೋಡಿದೆ, ಏನು ಬಿಟ್ಟೆ, ಏನು ಹಿಡಿದೆ, ಮತ್ತೆ ಯಾವಾಗ ನೋಡುತ್ತೇನೆ. ಕೊನೆಯದಕ್ಕೆ ಆರು ತಿಂಗಳ ಮುಂದಿನ ತಾರೀಖು ಇರಲಿ. ಅಲ್ಲಿಯವರೆಗೆ ರಾತ್ರಿ ಆ ಪ್ರಶ್ನೆ ಬಂದರೆ ತಾರೀಖು ತೋರಿಸಿ ವಾಪಸು ಕಳಿಸಬಹುದು. ಅರೆತ ನಿಲ್ಲಿಸುವುದರಲ್ಲಿ ಇದು ಎಲ್ಲ ಉಪದೇಶಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ.

ಮೇಷ್ಟ್ರುಗಳಿಗೆ ಒಂದು ಮಾತು. ಕಾಲೇಜುಗಳಿಗೆ ಗ್ರೇಡ್ ಕೊಡುವ ನ್ಯಾಕ್‌ಗೆ ತೋರಿಸಲು ಬಹಳಷ್ಟು ಕಾಲೇಜುಗಳಲ್ಲಿ ಮೆಂಟರ್ ಪುಸ್ತಕ ಇದೆ. ಅದರಲ್ಲಿ ಫೋನ್ ನಂಬರ್, ಹಾಜರಾತಿ, ಸಹಿ. "ಮುಂದೇನು ಮಾಡ್ತಿ" ಎಂದು ಕೇಳಿದರೆ ಕಂಠಪಾಠದ ಉತ್ತರ ಸಿಗುತ್ತದೆ. "ಈ ಸೆಮಿಸ್ಟರಿನಾಗ ಏನು ನೋಡಿ ಬಿಟ್ಟಿ?" ಎಂದು ಕೇಳಿ. ಒಬ್ಬರಿಗೆ ಹದಿನೈದು ನಿಮಿಷ, ಸೆಮಿಸ್ಟರಿಗೆ ಎರಡು ಸಲ ಸಾಕು.

ಗೊಂದಲ ಎಲ್ಲವೂ ಅಸ್ಮಿತೆಯ ಗೊಂದಲವಲ್ಲ. ಎರಡು ವಾರಕ್ಕಿಂತ ಹೆಚ್ಚು ನಿದ್ದೆ ಕೆಟ್ಟರೆ, ಊಟ ಸೇರದಿದ್ದರೆ, ಮೊದಲು ಇಷ್ಟವಿದ್ದದ್ದು ಯಾವುದೂ ಬೇಡವಾದರೆ, ಅಥವಾ ಸಾಯುವ ಯೋಚನೆ ಒಮ್ಮೆ ಬಂದರೂ ಹಾಳೆ ಬದಿಗಿಡಿ, ವೈದ್ಯರನ್ನು ನೋಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ದಿನದ ಯಾವ ಹೊತ್ತಿಗಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿ ಮಾತಾಡಬಹುದು. ಜಿಲ್ಲಾ ಆಸ್ಪತ್ರೆಗೆ ಹೋಗಲು ನಾಚಿಕೆ ಪಡುವವರಿಗೆ ಒಂದು ಸಂಗತಿ: ಊರೂರಿನ ಆರೋಗ್ಯ ಕೇಂದ್ರದಲ್ಲೇ ಮನಸ್ಸಿನ ಕಾಯಿಲೆಗೆ ಚಿಕಿತ್ಸೆ ಕೊಡಬಹುದು ಎಂದು ನಿಮ್ಹಾನ್ಸ್ 1980ರ ದಶಕದಲ್ಲಿ ಪ್ರಯೋಗ ಮಾಡಿ ತೋರಿಸಿದ್ದು ಬಳ್ಳಾರಿ ಜಿಲ್ಲೆಯಲ್ಲಿ. 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾದದ್ದು ಆ ಮಾದರಿಯ ಮೇಲೆ.

ಮನೆಗೆ ಹೇಳುವುದು

ಹುಡುಕಾಟದ ಸ್ಥಿತಿಯಲ್ಲಿ ಇರುವವರ ಪ್ರಮಾಣ ಹತ್ತೊಂಬತ್ತರ ವಯಸ್ಸಿನವರೆಗೆ ಏರಿ ಆಮೇಲೆ ಇಳಿಯುತ್ತದೆ ಎಂದು ಹಲವು ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದಾಗ ಕಂಡಿದೆ; ಹಾಗಿದ್ದೂ ಇಪ್ಪತ್ತು ದಾಟಿದ ಮೇಲೂ ನೆಲೆ ಸಿಗದವರು ಬಹಳ ಮಂದಿ. ನಮ್ಮಲ್ಲಿ ಹತ್ತೊಂಬತ್ತು ಎಂದರೆ ಮೂರನೇ, ನಾಲ್ಕನೇ ಸೆಮಿಸ್ಟರ್. ಐದನೆಯದಕ್ಕೆ ಹೆಣ್ಣುಮಕ್ಕಳ ಮನೆಯಲ್ಲಿ ಗಂಡು ನೋಡುವ ಮಾತು, ಗಂಡುಮಕ್ಕಳ ಮನೆಯಲ್ಲಿ "ಎಷ್ಟು ದಿನ ಓದ್ತಿ" ಎಂಬ ಮಾತು ಶುರು. ಆದ್ದರಿಂದ ಎತ್ತಿಕೊಳ್ಳುವ ಮೊದಲ ಸಾಲು ಉದ್ಯೋಗದ್ದೋ ಮದುವೆಯದ್ದೋ ಆಗಿರಲಿ, ಅದೂ ನಾಲ್ಕನೆಯ ಸೆಮಿಸ್ಟರ್ ಮುಗಿಯುವುದರೊಳಗೆ.

ಮನೆಗೆ ಹೇಳುವಾಗ ಆಗುವ ದೊಡ್ಡ ತಪ್ಪು, ಯೋಚನೆ ಅರ್ಧ ಇರುವಾಗಲೇ ಹೇಳುವುದು. "ನಂಗ ಪೊಲೀಸ್ ಬ್ಯಾಡ" ಎಂದರೆ ಅಪ್ಪನಿಗೆ ಕೇಳಿಸುವುದು "ನಂಗ ಏನೂ ಬ್ಯಾಡ" ಎಂದು. ಪ್ರಯೋಗ ಮುಗಿಸಿ, ಫೀಸು ಎಷ್ಟು, ಎಷ್ಟು ವರ್ಷ, ಆಗದಿದ್ದರೆ ಯಾವ ತಾರೀಖಿಗೆ ಬಿಡುತ್ತೇನೆ ಎಂಬ ಮೂರು ಅಂಕಿ ಕೈಯಲ್ಲಿ ಹಿಡಿದು ಹೋದರೆ ಮಾತಿನ ದಾಟಿಯೇ ಬೇರೆ.

"ಅಪ್ಪಾ, ಪೊಲೀಸ್ ಪರೀಕ್ಷಾ ಬಿಟ್ಟಿಲ್ಲ. ಜನವರಿ ತನಕ ಅದಕ್ಕಾ ಓದ್ತೀನಿ. ಆಗ್ಲಿಲ್ಲಂದ್ರ ಎಂ.ಎಸ್.ಡಬ್ಲ್ಯು.ಕ್ಕ ಅರ್ಜಿ ಹಾಕ್ತೀನಿ. ಎರಡ್ ವರ್ಷ. ಫೀ ಎಷ್ಟು ಅಂತ ಕೇಳ್ಕೊಂಡು ಬರ್ಕೊಂಡೀನಿ."

"ಅದೇನದು?"

"ಸಮಾಜಕಾರ್ಯ. ದವಾಖಾನಿ, ಹಾಸ್ಟೆಲ್, ಫ್ಯಾಕ್ಟರಿಯಾಗ ಕೆಲ್ಸ ಇರ್ತಾವ. ಆ ಕೆಲ್ಸದಾಗ ಇದ್ದವ್ರನ್ನ ಮೂರು ಮಂದಿ ಮಾತಾಡ್ಸೀನಿ. ಒಬ್ರು ಬಿಟ್ಟು ಬಂದಾರ, ಅವ್ರು ಯಾಕ ಬಿಟ್ರು ಅನ್ನೋದೂ ಕೇಳೀನಿ."

ಆ ಕಡೆ ಸ್ವಲ್ಪ ಹೊತ್ತು ಸುಮ್ಮನೆ.

"ಐತವಾರ ಬಾ. ಹತ್ತಿ ಬಿಡ್ಸೋದೈತಿ. ಬಿಡ್ಸಿಕೋತ ಮಾತಾಡೋಣಂತ."